ಎರಡು ಬಿರಡೆ ತಿರುಗಿಸಿದರೆ ವೀಣೆ!

ಒಂದು ತಂತಿಯನ್ನು ಒಂದು ಸ್ವರದಷ್ಟು ಇಳಿಸಿ. ಇನ್ನೊಂದನ್ನು ಅಷ್ಟೇ ಏರಿಸಿ. ನಡುವಿನ ಎರಡನ್ನು ಮುಟ್ಟಲೇಬೇಡಿ. ಇಷ್ಟೇ! ಇಷ್ಟು ಮಾಡಿದರೆ ಸಾಕು, ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಕುಣಿತದ ಹಾಲ್‌ಗಳಿಗಾಗಿ ಹುಟ್ಟಿದ ಟೆನರ್ ಗಿಟಾರ್ ಎಂಬ ನಾಲ್ಕು ತಂತಿಯ ವಾದ್ಯ ನಮ್ಮ ಸರಸ್ವತಿ ವೀಣೆಯ ಶ್ರುತಿಗೆ ಬಂದು ನಿಲ್ಲುತ್ತದೆ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ನಾಲ್ಕಕ್ಕೆ ನಾಲ್ಕೂ, ಅದೇ ಕ್ರಮದಲ್ಲಿ, ಒಂದೂ ತಪ್ಪದೆ! ಶಿರಾಳಕೊಪ್ಪದ ನಮ್ಮ ಮನೆಯ ಜಗುಲಿಯಲ್ಲಿ ಇದು ಕಿವಿಗೆ ಬಿದ್ದ ಹೊತ್ತಿನಿಂದ ಕಂಡವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಈಗ ನಿಮಗೂ ಹೇಳದೆ ಇರಲಾರೆ.

ಮೊದಲು ವಾದ್ಯದ ಪರಿಚಯ ಆಗಲಿ. ಟೆನರ್ ಗಿಟಾರ್ ನೋಡಲು ಗಿಟಾರೇ, ಆದರೆ ಮೈ ಸಣ್ಣದು, ಕತ್ತು ಕಿರಿದು, ತಂತಿ ನಾಲ್ಕೇ. 1920ರ ದಶಕದಲ್ಲಿ ಅಮೆರಿಕದ ವಾದ್ಯಗೋಷ್ಠಿಗಳಲ್ಲಿ ಬ್ಯಾಂಜೊ ಹಿಂದೆ ಸರಿದು ಗಿಟಾರ್ ಮುಂದೆ ಬರತೊಡಗಿತ್ತು. ನಾಲ್ಕು ತಂತಿಯ ಟೆನರ್ ಬ್ಯಾಂಜೊ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದವರು ರಾತ್ರೋರಾತ್ರಿ ಆರು ತಂತಿಯ ಬೆರಳಾಟ ಕಲಿಯುವುದೆಲ್ಲಿಂದ ಬಂತು? ಅವರ ಬೆರಳಿಗೆ ಗೊತ್ತಿದ್ದ ಶ್ರುತಿಯನ್ನೇ ಇಟ್ಟುಕೊಂಡು, ಗಿಟಾರಿನ ಮೈ ಕೊಟ್ಟು, ಮಾರ್ಟಿನ್, ಗಿಬ್ಸನ್‌ನಂಥ ಕಂಪನಿಗಳು ಈ ವಾದ್ಯವನ್ನು ಮಾಡಿಕೊಟ್ಟವು. ಮುಂದೆ ಟೈನಿ ಗ್ರೈಮ್ಸ್ ಎಂಬ ಕಲಾವಿದ ಪಿಯಾನೊ ದಿಗ್ಗಜ ಆರ್ಟ್ ಟೇಟಮ್ ಜೊತೆ ಇಂಥದೇ ನಾಲ್ಕು ತಂತಿಯ ಗಿಟಾರ್ ಹಿಡಿದು ಕೂತ. 1950ರ ದಶಕದ ಕೊನೆಗೆ ಕಿಂಗ್‌ಸ್ಟನ್ ಟ್ರಿಯೊ ಎಂಬ ಜನಪದ ಗಾಯಕರ ತಂಡದಲ್ಲಿ ನಿಕ್ ರೆನಾಲ್ಡ್ಸ್ ಕೈಯಲ್ಲಿ ಅದು ಲಕ್ಷಾಂತರ ಜನರ ಕಿವಿ ಮುಟ್ಟಿತು. ಆಮೇಲೆ ಮೆಲ್ಲಗೆ ಮರೆಯಾಯಿತು. ಈಗ ಮತ್ತೆ ತಲೆ ಎತ್ತುತ್ತಿದೆ.

ಅದರ ರೂಢಿಯ ಶ್ರುತಿ ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಸಿ, ಜಿ, ಡಿ, ಎ. ಅಂದರೆ ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮ. ಒಂದನ್ನು ಸ ಅಂದುಕೊಂಡರೆ ಮುಂದಿನದು ಪ, ಆ ಪ ಅನ್ನೇ ಸ ಅಂದುಕೊಂಡರೆ ಅದರ ಮುಂದಿನದು ಅದಕ್ಕೆ ಪ. ಚೆಂದವೇನೋ ಹೌದು, ಆದರೆ ಒಂದು ಆಧಾರ ಷಡ್ಜ ಹಿಡಿದು ಕೂರುವ ನಮ್ಮ ಸಂಗೀತಕ್ಕೆ ನಾಲ್ಕೂ ತಂತಿ ಒಟ್ಟಿಗೆ ಒದಗುವುದಿಲ್ಲ.

ಈಗ ನೋಡಿ. ತೀರಾ ಸಣ್ಣ ತಂತಿಯನ್ನು ಎ ಯಿಂದ ಜಿ ಗೆ ಇಳಿಸಿ. ತೀರಾ ದಪ್ಪದ್ದನ್ನು ಸಿ ಯಿಂದ ಡಿ ಗೆ ಏರಿಸಿ. ಈಗ ಕೆಳಗಿನಿಂದ ಡಿ, ಜಿ, ಡಿ, ಜಿ. ಜಿ ಯನ್ನು ಷಡ್ಜ ಅಂದುಕೊಂಡರೆ ಅದು ಪ, ಸ, ಪ, ಸ! ಸಣ್ಣ ತಂತಿಯಿಂದ ಎಣಿಸಿದರೆ ಸಾರಣಿಯ ಸ, ಪಂಚಮದ ಪ, ಮಂದ್ರದ ಸ, ಅನುಮಂದ್ರದ ಪ. ನಮ್ಮ ವೀಣೆಯ ಮೇಲೆ ಬೆರಳಾಡುವ ನಾಲ್ಕು ತಂತಿಗಳ ಶ್ರುತಿ ಇದೇ ಅಲ್ಲವೆ? ಅದೂ ಐದನೇ ಶ್ರುತಿಯಲ್ಲಿ! ನಮ್ಮ ಎಷ್ಟೋ ಹೆಣ್ಣುಮಕ್ಕಳು ಹಾಡಲು ಕೂರುವ ಶ್ರುತಿಯದು. ಈ ವಾದ್ಯದ ಮೂರನೇ ತಂತಿ ಅವರ ಆಧಾರ ಷಡ್ಜಕ್ಕೇ ಹೋಗಿ ಕೂರುತ್ತದೆ.

ಬಿರಡೆ ತಿರುಗಿಸುವ ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊಬೈಲಿನ ಟ್ಯೂನರ್ ಹಚ್ಚಿ ನಡುವಿನ ಎರಡು ತಂತಿಗಳಿಗೂ ಹಸಿರು ದೀಪ ಬರುವಂತೆ ಮಾಡಿಕೊಂಡಿದ್ದೆ. ಯಂತ್ರ ಸರಿ ಎಂದಿತು. ಎರಡನ್ನೂ ಒಟ್ಟಿಗೆ ಮೀಟಿ ಕಿವಿ ಹತ್ತಿರ ತಂದರೆ ನಾದ ಮೆಲ್ಲಗೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಸುಮಾರು ಒಂದೂವರೆ ಸೆಕೆಂಡಿಗೆ ಒಂದು ಅಲೆ! ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಟ್ಯೂನರಿನ ಜಿ ಸೆಕೆಂಡಿಗೆ 196 ಕಂಪನ, ಅದರ ಮೂರು ಪಟ್ಟು 588. ಟ್ಯೂನರಿನ ಡಿ 293.66, ಅದರ ಎರಡು ಪಟ್ಟು 587.33. ಈ ಎರಡು ಮೇಲ್ನಾದಗಳ ನಡುವಿನ ಮುಕ್ಕಾಲಿಗೂ ಕಡಿಮೆ ಕಂಪನದ ವ್ಯತ್ಯಾಸವೇ ಆ ಅಲೆ. ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿಕೊಂಡ ಪಾಶ್ಚಾತ್ಯ ಶ್ರುತಿ ತನ್ನ ಪಂಚಮವನ್ನು ಕೂದಲೆಳೆಯಷ್ಟು ಕಡಿಮೆ ಇಟ್ಟುಕೊಂಡಿದೆ. ನಮ್ಮ ಪಂಚಮ ನೇರ ಮೂರಕ್ಕೆ ಎರಡು. ಟ್ಯೂನರ್ ಬದಿಗಿಟ್ಟು, ಕಣ್ಣು ಮುಚ್ಚಿ, ಡಿ ತಂತಿಯ ಬಿರಡೆಯನ್ನು ಇದ್ದೂ ಇಲ್ಲದಂತೆ ಬಿಗಿ ಮಾಡಿದೆ. ಅಲೆ ಉದ್ದವಾಯಿತು, ಇನ್ನೂ ಉದ್ದವಾಯಿತು, ಕೊನೆಗೆ ನಿಂತೇಹೋಯಿತು. ಆಗ ಎರಡು ತಂತಿಯ ಎರಡು ನಾದ ಎನ್ನುವುದೇ ಇಲ್ಲ! ಒಂದೇ ಒಂದು ದೊಡ್ಡ ನಾದ ಮರದ ಮೈಯೊಳಗಿಂದ ಎದ್ದು ಬಂದು ಎದೆಗೆ ತಾಗುತ್ತದೆ.

ನಮ್ಮ ಓಣಿಯಲ್ಲಿ ಚಿಕ್ಕಂದಿನಿಂದ ವೀಣೆ ನುಡಿಸಿದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅಮ್ಮ ಎಂದೇ ಕರೆಯುವುದು. ಗಿಟಾರ್ ಎಂದರೆ ಸಿನಿಮಾದವರ ವಾದ್ಯ ಎಂಬ ಭಾವನೆ ಅವರದು. ನಾಲ್ಕೂ ತಂತಿ ಶ್ರುತಿ ಸೇರಿಸಿ, ಮೇಲಿಂದ ಕೆಳಕ್ಕೆ ಒಮ್ಮೆ ಮೀಟಿದೆ. ಒಳಗೆ ಬತ್ತಿ ಹೊಸೆಯುತ್ತಿದ್ದವರು ಬಾಗಿಲಿಗೆ ಬಂದರು.

“ಯಾರ ಮನೆ ವೀಣೆಯಪ್ಪ ಅದು?”

“ವೀಣೆ ಅಲ್ಲಮ್ಮ, ಗಿಟಾರು.”

“ಸುಮ್ಮನಿರಪ್ಪ. ಅನುಮಂದ್ರ ಮೀಟಿದ್ದು ನನಗೆ ಕೇಳಲಿಲ್ಲವಾ?”

ಎಂಬತ್ತು ದಾಟಿದ ಕಿವಿ! ನೋಡದೆಯೇ ತಂತಿಯ ಹೆಸರು ಹೇಳಿತು. ಆಮೇಲೆ ಅವರು ವಾದ್ಯವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಸಾರಣಿಯ ಮೇಲೆ ಬೆರಳಿಟ್ಟರು. ಬಿಟ್ಟ ತಂತಿ ಸ, ಮೊದಲ ಮನೆ ರಿ, ನಾಲ್ಕನೆಯದು ಗ, ಐದನೆಯದು ಮ, ಏಳು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ಮೇಲಿನ ಸ. ಮಾಯಾಮಾಳವಗೌಳದ ಸರಳೆ ವರಸೆ ಅವರ ಬೆರಳಿಂದ ಹರಿಯಿತು, ಮೊದಲ ಬಾರಿಗೆ ಮುಟ್ಟಿದ ವಾದ್ಯದ ಮೇಲೆ! ಸರಳೆ ವರಸೆಯನ್ನು ಆ ರಾಗಕ್ಕೆ ಕಟ್ಟಿಕೊಟ್ಟವರು ಪುರಂದರದಾಸರು. ದಾಸರು ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ಕಡೆಯ ಆರಗದವರು ಎಂಬ ವಾದವೂ ಇದೆ. ಅವರ ಪಾಠ ಗಿಟಾರಿನ ಮೇಲೂ ಹೀಗೆ ಸಲೀಸಾಗಿ ಕೂರುತ್ತದೆಂದು ಯಾರು ಎಣಿಸಿದ್ದರು?

ಇಂಥ ಶ್ರುತಿಗೆ ಪಶ್ಚಿಮದವರು ಓಪನ್ ಟ್ಯೂನಿಂಗ್ ಎನ್ನುತ್ತಾರೆ. ಎಡಗೈ ಬೆರಳಿಡದೆ ತಂತಿಗಳನ್ನು ಮೀಟಿದರೂ ಸ್ವರಗಳು ಒಂದಕ್ಕೊಂದು ಕೂಡಿ ನುಡಿಯಬೇಕು, ಅಷ್ಟೇ ಅದರ ಲಕ್ಷಣ. ಹವಾಯಿ ದ್ವೀಪಗಳ ದನಗಾಹಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಗಿಟಾರಿನ ಬಿರಡೆಗಳನ್ನು ಸಡಿಲಿಸಿ ಹೀಗೆ ನುಡಿಸಿದರು. ಅಮೆರಿಕದ ಬೆಟ್ಟಸೀಮೆಯ ಪಿಟೀಲಿನವರು ಎ, ಇ, ಎ, ಇ ಎಂದು ಶ್ರುತಿ ಕೂಡಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಸ ಪ ಸ ಪ! ಜೈಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ತರಬಿನ ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ಗೆದ್ದರು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಜಾರುಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನಾವು ಕೇಳುತ್ತಲೇ ಇದ್ದೇವೆ. ಧಾರವಾಡದ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ, ಖರಜದ ಗಾಂಭೀರ್ಯವನ್ನು ಅದಕ್ಕೆ ತಂದುಕೊಟ್ಟವರು. ತಂತಿ ಬದಲಿಸಿ, ಬಿಗಿ ಬದಲಿಸಿ ಹೊಸ ನಾದ ಹುಡುಕುವ ಚಾಳಿ ಕನ್ನಡ ನಾಡಿಗೆ ಹೊಸದೇನಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದು ಹೊಳೆದಾಗ ನಾನು ಕೂತಲ್ಲಿಂದ ಎದ್ದು ನಿಂತೆ. ಪಶ್ಚಿಮದ ಹೆಚ್ಚಿನ ಓಪನ್ ಟ್ಯೂನಿಂಗ್‌ಗಳಲ್ಲಿ ಸ ಮತ್ತು ಪ ಜೊತೆಗೆ ಅಂತರ ಗಾಂಧಾರವೂ ಒಂದು ತಂತಿಯಲ್ಲಿ ಕೂತಿರುತ್ತದೆ. ಸ ಗ ಪ ಸ. ಕೇಳಲು ತುಂಬು ಸ್ವರಮೇಳ. ಶಂಕರಾಭರಣಕ್ಕೆ, ಮೋಹನಕ್ಕೆ ಹೊಂದೀತು. ಖರಹರಪ್ರಿಯ ನುಡಿಸಹೋದರೆ? ತೋಡಿಗೆ ಹೋದರೆ? ಅಲ್ಲಿ ಬೇಕಾದ್ದು ಸಾಧಾರಣ ಗಾಂಧಾರ, ಇಲ್ಲಿ ಬಿಟ್ಟ ತಂತಿ ಅಂತರ ಗಾಂಧಾರವನ್ನೇ ಕೂಗುತ್ತಿರುತ್ತದೆ. ಸಾಲದ್ದಕ್ಕೆ ಸಮಪಾಲಿನ ಶ್ರುತಿಯ ಗಾಂಧಾರ ಸಹಜ ಗಾಂಧಾರಕ್ಕಿಂತ 14 ಸೆಂಟ್ ಮೇಲಿರುತ್ತದೆ. ಒಂದು ಸ್ಥಾಯಿಯನ್ನು 1200 ಭಾಗ ಮಾಡಿದರೆ ಒಂದು ಭಾಗವೇ ಒಂದು ಸೆಂಟ್. ಪಂಚಮದಲ್ಲಿ ತಪ್ಪು ಎರಡೇ ಸೆಂಟ್, ಗಾಂಧಾರದಲ್ಲಿ ಅದರ ಏಳು ಪಟ್ಟು!

ನಮ್ಮ ವೀಣೆ ಮಾಡಿದವರು ಏನು ಮಾಡಿದರು? ಬಿಟ್ಟ ತಂತಿಗಳಿಂದ ಗಾಂಧಾರವನ್ನು ಹೊರಗೇ ಇಟ್ಟರು. ಸ ಮತ್ತು ಪ, ಎರಡೇ. ಎಪ್ಪತ್ತೆರಡು ಮೇಳಕರ್ತಗಳಲ್ಲಿ ಒಂದರಲ್ಲೂ ಜಾಗ ಬಿಟ್ಟು ಕದಲದ ಸ್ವರಗಳು ಇವೆರಡೇ! ಉಳಿದ ಸ್ವರಗಳೆಲ್ಲ ಬೆರಳಿನ ಪಾಲು. ಹಾಗಾಗಿ ಬಿಟ್ಟ ತಂತಿ ಯಾವ ಮೇಳರಾಗಕ್ಕೂ ಅಡ್ಡ ಬರುವುದಿಲ್ಲ. ಮನೆಯ ಹೆಬ್ಬಾಗಿಲನ್ನು ತೆರೆದೇ ಇಟ್ಟ ಹಾಗೆ, ಯಾವ ರಾಗ ಬೇಕಾದರೂ ಒಳಗೆ ಬರಬಹುದು. ಪಂಚಮವೇ ಇಲ್ಲದ ರಾಗ ಬಂದರೆ ಅದಕ್ಕೂ ದಾರಿಯುಂಟು. ಮಾಲ್ಕೌಂಸ್ ಹಾಡುವಾಗ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ರಾಗಕ್ಕೆ ತಕ್ಕಂತೆ ಶ್ರುತಿ ಬದಲಿಸುವ ಈ ಕೆಲಸ ಎಷ್ಟೋ ಸಂಗೀತ ಕಛೇರಿಗಳ ಹಿಂಬದಿಯಲ್ಲಿ, ತಂಬೂರಿ ಹಿಡಿದು ಕೂತ ಶಿಷ್ಯರ ಕೈಯಲ್ಲಿ, ಸದ್ದಿಲ್ಲದೆ ನಡೆದೇ ಇದೆ.

ಇನ್ನು ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ.

1550. ವಿಜಯನಗರ. ತಾಳಿಕೋಟೆಯ ಯುದ್ಧಕ್ಕೆ ಇನ್ನೂ ಹದಿನೈದು ವರ್ಷ. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಎಂಬ ಸಂಸ್ಕೃತ ಗ್ರಂಥ ಬರೆಯುತ್ತಾನೆ. ಅದರಲ್ಲಿ ವೀಣೆಗೆ ಒಂದು ಪ್ರಕರಣವೇ ಇದೆ. ಒಂದೇ ವಾದ್ಯಕ್ಕೆ ಬೇರೆ ಬೇರೆ ಶ್ರುತಿಗಳನ್ನು ಅವನು ಒಂದೊಂದಾಗಿ ಹೆಸರಿಟ್ಟು ವಿವರಿಸುತ್ತಾನೆ. ಒಂದಕ್ಕೆ ದೊರೆ ಅಚ್ಯುತರಾಯನ ಹೆಸರನ್ನೇ ಇಟ್ಟು ಅಚ್ಯುತರಾಜೇಂದ್ರ ಮೇಳವೀಣೆ ಎಂದು ಕರೆದಿದ್ದಾನೆ. ಇನ್ನೊಂದು ಮಧ್ಯಮೇಳವೀಣೆ. ಅದರ ನಾಲ್ಕು ತಂತಿಗಳು ಕೆಳಗಿನಿಂದ ಪಂಚಮ, ಷಡ್ಜ, ಪಂಚಮ, ಷಡ್ಜ. ನಾವು ಈಗಷ್ಟೇ ಟೆನರ್ ಗಿಟಾರಿನಲ್ಲಿ ಕೂಡಿಸಿದ್ದು ಅದನ್ನೇ!

ಇಷ್ಟಕ್ಕೇ ನಿಲ್ಲಬೇಡಿ. ಅವನ ಶುದ್ಧಮೇಳವೀಣೆ ಇದೆಯಲ್ಲ, ಅದರ ಶ್ರುತಿ ನೋಡಿ. ಕೆಳಗಿನಿಂದ ಷಡ್ಜ, ಪಂಚಮ, ಷಡ್ಜ, ಮಧ್ಯಮ. ಸ ಪ ಸ ಮ. ಇದನ್ನು ಡಿ ಶ್ರುತಿಯಲ್ಲಿ ಪಾಶ್ಚಾತ್ಯ ಅಕ್ಷರಗಳಿಗೆ ತಿರುಗಿಸಿ. ಡಿ, ಎ, ಡಿ, ಜಿ.

ಗಿಟಾರ್ ಹಿಡಿದವರಿಗೆ ಈಗಾಗಲೇ ಮೈ ಜುಂ ಎಂದಿರಬೇಕು! 1960ರ ದಶಕದ ಮೊದಲಲ್ಲಿ ಡೇವಿ ಗ್ರಹಾಂ ಎಂಬ ಬ್ರಿಟಿಷ್ ಗಿಟಾರ್ ವಾದಕ ಮೊರಾಕ್ಕೊದಲ್ಲಿ ಅಲೆದು, ಅಲ್ಲಿನ ಊದ್ ವಾದಕರ ಜೊತೆ ಕೂತು ನುಡಿಸಲು ಅನುಕೂಲವಾಗಲಿ ಎಂದು ತನ್ನ ಆರು ತಂತಿಗಳ ಶ್ರುತಿ ಬದಲಿಸಿದ. ಡಿ, ಎ, ಡಿ, ಜಿ, ಎ, ಡಿ. ಆ ಅಕ್ಷರಗಳನ್ನೇ ಕೂಡಿಸಿ ‘ಡ್ಯಾಡ್‌ಗ್ಯಾಡ್’ ಎಂದು ಕರೆಯುತ್ತಾರೆ. ಇವತ್ತು ಐರ್ಲೆಂಡಿನಿಂದ ಅಮೆರಿಕದವರೆಗೆ ಜನಪದ ಗಿಟಾರಿನವರ ಕಣ್ಮಣಿ ಅದು. ಲೆಡ್ ಜೆಪ್ಪೆಲಿನ್ ತಂಡದ 1975ರ ‘ಕಾಶ್ಮೀರ್’ ಹುಟ್ಟಿದ್ದು ಅದರಲ್ಲೇ. ಅದನ್ನು ನಮ್ಮ ಸ್ವರಗಳಲ್ಲಿ ಹೇಳಿ ನೋಡಿ. ಸ ಪ ಸ ಮ ಪ ಸ. ಮೊದಲ ನಾಲ್ಕು ತಂತಿಗಳು ರಾಮಾಮಾತ್ಯನ ಶುದ್ಧಮೇಳವೀಣೆ, ತಂತಿಗೆ ತಂತಿ! ಮೇಲೆ ಇನ್ನೊಂದು ಪ, ಇನ್ನೊಂದು ಸ.

ಡೇವಿ ಗ್ರಹಾಂ ಸ್ವರಮೇಳಕಲಾನಿಧಿ ಓದಿ ಹೀಗೆ ಮಾಡಿದ ಎಂದು ನಾನು ಹೇಳುತ್ತಿಲ್ಲ. ಯಾರೂ ಯಾರಿಂದಲೂ ಪಡೆಯದೆಯೇ ನಾನೂರು ವರ್ಷಗಳ ಅಂತರದಲ್ಲಿ ತುಂಗಭದ್ರೆಯ ದಂಡೆಯ ಒಬ್ಬನೂ ಲಂಡನ್ನಿನ ಒಬ್ಬನೂ ಒಂದೇ ನಾಲ್ಕು ಸ್ವರಗಳಿಗೆ ಬಂದು ಮುಟ್ಟಿದರಲ್ಲ, ಅಚ್ಚರಿ ಇರುವುದೇ ಅಲ್ಲಿ. ತಂತಿ, ಬಿಗಿ, ಉದ್ದ ಮತ್ತು ಎರಡು ಮೂರು ಸಣ್ಣ ಸಂಖ್ಯೆಗಳ ಅನುಪಾತ, ಇವು ಎಲ್ಲ ಊರಿನ ಕಿವಿಯನ್ನೂ ಒಂದೇ ಕಡೆಗೆ ಎಳೆಯುತ್ತವೆ. ಟೆನರ್ ಗಿಟಾರಿನಲ್ಲಿ ಇದನ್ನು ಕೇಳಬೇಕೆಂದರೆ ಸಿ, ಜಿ ಎರಡನ್ನೂ ಹಾಗೇ ಬಿಟ್ಟು ಡಿ ತಂತಿಯನ್ನು ಸಿ ಗೂ ಎ ತಂತಿಯನ್ನು ಎಫ್‌ಗೂ ಇಳಿಸಿ. ಸಿ, ಜಿ, ಸಿ, ಎಫ್. ವಿಜಯನಗರದ ಶುದ್ಧಮೇಳವೀಣೆಯ ಶ್ರುತಿ ನಿಮ್ಮ ತೊಡೆಯ ಮೇಲೆ!

ಈ ಮಾತನ್ನು ಶಿರಾಳಕೊಪ್ಪದಲ್ಲಿ ಕೂತು ಬರೆಯುವುದಕ್ಕೂ ಅರ್ಥವಿದೆ. ಊರಿನಿಂದ ಎರಡು ಮೂರು ಕಿಲೊಮೀಟರ್ ನಡೆದರೆ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ಗುಡಿಯ ಬದಿಯಲ್ಲಿ ಕೋಡಿಯ ಮಠವಿತ್ತು. ವೇದ, ವ್ಯಾಕರಣದ ಜೊತೆಗೆ ಕಾವ್ಯ, ನಾಟಕಗಳನ್ನೂ ಅಲ್ಲಿ ಕಲಿಸುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ನಾಟ್ಯರಾಣಿ ಶಾಂತಲೆಯ ತವರು ಇದೇ ಊರೆಂಬ ಪ್ರತೀತಿ ನಮ್ಮಲ್ಲಿದೆ. ಮತ್ತೆ ಅಲ್ಲಮಪ್ರಭು! ಶೂನ್ಯಪೀಠವೇರಿದ ಆ ಮಹಾನುಭಾವ ಈ ಬಳ್ಳಿಗಾವಿಯವನು, ಮದ್ದಳೆಗಾರ. ಹರಿಹರನ ರಗಳೆಯಲ್ಲೂ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲೂ ಅವನ ಕೈಯಲ್ಲಿ ಮದ್ದಳೆ ಇದೆ. ಮದ್ದಳೆ ಬರೀ ಲಯದ ವಾದ್ಯವಲ್ಲ, ಅದನ್ನೂ ಶ್ರುತಿಗೆ ಕೂಡಿಸುತ್ತಾರೆ. ತೊಗಲಿನ ನಡುವೆ ಮೆತ್ತುವ ಕಪ್ಪು ಕರಣೆಯೇ ಅದರ ಗುಟ್ಟು. ಸಾದಾ ತೊಗಲು ಬಡಿದರೆ ಮೇಲ್ನಾದಗಳು ಚೆಲ್ಲಾಪಿಲ್ಲಿ. ಕರಣೆಯ ಭಾರ ಬಿದ್ದೊಡನೆ ಅವು ಒಂದು, ಎರಡು, ಮೂರು ಎಂದು ತಂತಿಯ ಮೇಲ್ನಾದಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಇದನ್ನು 1920ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟವರು ಸಿ.ವಿ. ರಾಮನ್. ಮರುವರ್ಷ ಅವರು ವೀಣೆ, ತಂಬೂರಿಗಳ ಬಗ್ಗೆಯೂ ಬರೆದರು. ಅವುಗಳ ಅಗಲವಾದ, ತುಸು ಬಾಗಿದ ಕುದುರೆಯ ದೆಸೆಯಿಂದ, ತಂತಿಯನ್ನು ಎಲ್ಲಿ ಮೀಟಿದರೆ ಯಾವ ಮೇಲ್ನಾದ ಏಳಬಾರದೆಂದು ಹಳೆಯ ನಿಯಮ ಹೇಳುತ್ತಿತ್ತೋ ಆ ಮೇಲ್ನಾದವೂ ಎದ್ದು ಕೇಳುತ್ತದೆಂದು ತೋರಿಸಿದರು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ನರಿಗೂ ಬಳ್ಳಿಗಾವಿಯ ಮದ್ದಳೆಗಾರನಿಗೂ ನಡುವೆ ಎಂಟು ಶತಮಾನ!

ಇಲ್ಲೇ ಉಡುತಡಿ, ಅಕ್ಕಮಹಾದೇವಿಯ ಹುಟ್ಟೂರು. ಕಲ್ಯಾಣ ತಲುಪಿದ ಅಕ್ಕನನ್ನು ಮೊದಲು ಪರೀಕ್ಷಿಸಿದವನು ಕಿನ್ನರಿ ಬೊಮ್ಮಯ್ಯ ಎನ್ನುತ್ತದೆ ಶರಣರ ಕಥೆ. ಆ ಶರಣನ ಹೆಸರಿನಲ್ಲೇ ತಂತಿವಾದ್ಯವಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕಾಂಬೆ ಇದ್ದಾಳೆ. ರೇಣುಕೆ, ಎಲ್ಲಮ್ಮನ ಹಾಡು ಹೇಳುವ ಜೋಗತಿಯರ ಕೈಯಲ್ಲಿರುವುದು ಚೌಡಿಕೆ. ಒಂದೇ ತಂತಿ! ಮೆಟ್ಟಿಲಿಲ್ಲ, ಮನೆಯಿಲ್ಲ, ಬೆರಳೊತ್ತುವ ಜಾಗವೇ ಇಲ್ಲ. ಬಿಟ್ಟ ತಂತಿಯ ಬಿಗಿಯನ್ನೇ ಹೆಚ್ಚು ಕಡಿಮೆ ಮಾಡುತ್ತಾ ಇಡೀ ಕಥೆಯನ್ನು ಹಾಡಿ ಮುಗಿಸುತ್ತಾರೆ. ಆ ಪರಂಪರೆಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಚೌಡಿಕೆಗೂ ಗೌರವ ಸಂದಿತೆಂದೇ ನನ್ನ ಭಾವನೆ. ಬಿಟ್ಟ ತಂತಿಯ ಮೇಲೆ ಇಷ್ಟು ನಂಬಿಕೆ ಇಟ್ಟ ನೆಲದಲ್ಲಿ ಓಪನ್ ಟ್ಯೂನಿಂಗ್ ಯಾವ ಲೆಕ್ಕ!

ಮಕ್ಕಳಿಗೆ ತೋರಿಸಲೇಬೇಕಾದ ಒಂದು ಆಟ ಹೇಳುತ್ತೇನೆ. ಬಸ್ ಟಿಕೆಟ್ಟಿನಿಂದ ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ಹರಿದು, ನಡುವೆ ಮಡಚಿ, ಸಣ್ಣ ಸೂರಿನಂತೆ ಮೊದಲ ತಂತಿಯ ಮೇಲೆ ಕೂರಿಸಿ. ಆ ತಂತಿಯನ್ನು ಮುಟ್ಟಬೇಡಿ. ಎರಡನೇ ತಂತಿಯ ಐದನೇ ಮನೆ ಒತ್ತಿ ಮೀಟಿ. ಪಂಚಮದ ತಂತಿಯ ಐದನೇ ಮನೆ ಎಂದರೆ ಷಡ್ಜ, ಅಂದರೆ ಮೊದಲ ತಂತಿಯದೇ ಸ್ವರ. ಕಾಗದದ ಚೂರು ನಡುಗಿ, ಕುಣಿದು, ಹಾರಿ ಬೀಳುತ್ತದೆ! ನಾಲ್ಕನೇ ಮನೆ ಒತ್ತಿ ಮೀಟಿ, ಅಲುಗುವುದೇ ಇಲ್ಲ. ಮೀಟದ ತಂತಿಗೂ ತನ್ನ ಸ್ವರ ಯಾವುದೆಂದು ಗೊತ್ತು!

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಈಗ ಮಂದ್ರ ಷಡ್ಜದ ಮೂರನೇ ತಂತಿಯ ಮೇಲೆ ಎರಡು ಚೂರು ಕೂರಿಸಿ. ಒಂದು ಸರಿಯಾಗಿ ನಡುವೆ, ಹನ್ನೆರಡನೇ ಮನೆಯ ಪಟ್ಟಿಯ ಮೇಲೆ. ಇನ್ನೊಂದು ಕಾಲುಭಾಗದಲ್ಲಿ, ಐದನೆಯದರ ಮೇಲೆ. ಈಗ ಮೊದಲ ತಂತಿಯನ್ನು ಜೋರಾಗಿ ಮೀಟಿ. ಕಾಲುಭಾಗದ ಚೂರು ಹಾರಿಹೋಗುತ್ತದೆ, ನಡುವಿನದು ಕೂತಲ್ಲೇ ಕೂತಿರುತ್ತದೆ! ಒಂದು ಸ್ಥಾಯಿ ಮೇಲಿನ ಷಡ್ಜ ಕೇಳಿದ ಮಂದ್ರದ ತಂತಿ ತಾನೇ ಎರಡು ಪಾಲಾಗಿ, ನಡುವೆ ಅಲುಗದ ಒಂದು ಗಂಟು ಇಟ್ಟುಕೊಂಡು, ಎರಡು ತುಂಡಾಗಿ ಕಂಪಿಸುತ್ತದೆ. ಹದಿನೇಳನೇ ಶತಮಾನದ ಕೊನೆಯಲ್ಲಿ ಯುರೋಪಿನ ವಿಜ್ಞಾನಿಗಳು ಮೇಲ್ನಾದಗಳ ಮರ್ಮ ಬಿಡಿಸಿದ್ದು ಇಂಥದೇ ಕಾಗದದ ಚೂರುಗಳಿಂದ. ಈ ಶ್ರುತಿಯಲ್ಲಿ ವಾದ್ಯ ಯಾಕಿಷ್ಟು ದೊಡ್ಡದಾಗಿ ಮೊಳಗುತ್ತದೆ ಎಂಬುದಕ್ಕೆ ಇದೇ ಉತ್ತರ. ನೀವು ಒಂದು ತಂತಿ ಮೀಟುತ್ತೀರಿ, ಉಳಿದ ಮೂರು ಸುಮ್ಮನೆ ಕೂರುವುದಿಲ್ಲ.

ವಾದ್ಯದ ಮೈಯ ವಿಷಯ ಬಿಟ್ಟರೆ ತಪ್ಪಾದೀತು. ಒಳ್ಳೆಯ ಗಿಟಾರುಗಳ ಬೆನ್ನು, ಪಕ್ಕೆಗಳಿಗೆ ಹಾಕುವ ‘ಇಂಡಿಯನ್ ರೋಸ್‌ವುಡ್’ ಎಂದರೆ ಯಾವ ಮರ ಗೊತ್ತೆ? ನಮ್ಮ ಬೀಟೆ! ಪಶ್ಚಿಮ ಘಟ್ಟದ, ನಮ್ಮ ಮಲೆನಾಡಿನ ಕಾಡುಗಳ ಬೀಟೆ. ಬ್ರೆಜಿಲಿನ ಮರ ಸಿಗುವುದು ಕಷ್ಟವಾದಾಗ, 1969ರ ಸುಮಾರಿಗೆ ಮಾರ್ಟಿನ್ ಕಂಪನಿ ಇದರ ಕಡೆಗೆ ತಿರುಗಿತು. ಮೈಸೂರಿನ ವೀಣೆಗಳನ್ನೂ ಬೀಟೆಯಲ್ಲಿ ಮಾಡುತ್ತಾರೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರರವರೆಗೆ ಮೈಸೂರು ಬಾನಿ ಬೆಳೆದು ಬಂದ ಊರಿನ ವಾದ್ಯಕ್ಕೂ ಅಮೆರಿಕದ ಕಾರ್ಖಾನೆಯ ಗಿಟಾರಿಗೂ ಒಂದೇ ಜಾತಿಯ ಮರ! ಈಗ ಅದರ ಸಾಗಣೆಗೆ ಅಂತರರಾಷ್ಟ್ರೀಯ ಕಟ್ಟುಪಾಡುಗಳಿವೆ, ಇರಲೇಬೇಕು. ಕಾಡಿನಲ್ಲಿ ಬೀಟೆ ಉಳಿದರೆ ತಾನೇ ನಾದ.

ಗಮಕದ ಮಾತಿಗೆ ಬರೋಣ, ಏಕೆಂದರೆ ವೀಣೆಯವರು ಮೊದಲು ಕೇಳುವುದೇ ಅದನ್ನು. ವೀಣೆಯ ಮೆಟ್ಟಿಲುಗಳು ಎತ್ತರ, ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಮೂರು ನಾಲ್ಕು ಸ್ವರ ತೆಗೆಯಬಹುದು. ಇಲ್ಲಿ ಅಷ್ಟು ಸಾಧ್ಯವಿಲ್ಲ. ಆದರೆ ಈ ಶ್ರುತಿ ಇಲ್ಲಿಯೂ ಒಂದು ಉಪಕಾರ ಮಾಡುತ್ತದೆ. ಸಾರಣಿಯನ್ನು ಒಂದು ಸ್ವರ ಇಳಿಸಿದಾಗ ಅದರ ಬಿಗಿ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಮೊದಲು ಬೆರಳಿಗೆ ಮಣಿಯದ ತಂತಿ ಈಗ ಮಣಿಯುತ್ತದೆ. ಕಂಪಿತ ಸಲೀಸಾಗಿ ಬರುತ್ತದೆ, ಜಾರು ಇನ್ನೂ ಚೆನ್ನಾಗಿ ಬರುತ್ತದೆ. ಅಮ್ಮ ಆ ಮಧ್ಯಾಹ್ನವೇ ಸಾಧಾರಣ ಗಾಂಧಾರವನ್ನು ರಿಷಭದಿಂದ ಎಳೆದು ತೂಗಿ ತೋರಿಸಿದರು. ಅದು ತೋಡಿಯ ಗಾಂಧಾರವೇ ಆಗಿತ್ತು, ಬೇರೇನಲ್ಲ. ಕುದುರೆ ಸಪೂರವಾದ್ದರಿಂದ ವೀಣೆಯ ಆ ಜೀವಾಳದ ಝೇಂಕಾರ ಮಾತ್ರ ಇದರಲ್ಲಿ ಏಳದು. ಬದಲಿಗೆ ಬರುವುದು ಮರದ ದುಂಡನೆಯ, ತಿಳಿಯಾದ ನಾದ. ನನಗೆ ಅದೂ ಪ್ರಿಯವೇ.

ಒಂದು ಎಚ್ಚರಿಕೆ. ದಪ್ಪ ತಂತಿಯನ್ನು ಸಿ ಯಿಂದ ಡಿ ಗೆ ಏರಿಸಿದಾಗ ಬಿಗಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಹಳೆಯ ತಂತಿಯಾದರೆ ಬದಲಿಸಿ, ಒಂದು ನಂಬರ್ ಸಪೂರವಾದದ್ದನ್ನು ಹಾಕಿ. ಮೊದಲು ಸಾರಣಿಯನ್ನು ಇಳಿಸಿ, ಆಮೇಲೆ ಅನುಮಂದ್ರವನ್ನು ಏರಿಸಿ. ಮುಖವನ್ನು ತಂತಿಯಿಂದ ದೂರ ಇಟ್ಟುಕೊಳ್ಳಿ.

ಟೆನರ್ ಗಿಟಾರ್ ಎಲ್ಲರ ಮನೆಯಲ್ಲೂ ಇರುವುದಿಲ್ಲ, ನಿಜ. ಆದರೆ ಆರು ತಂತಿಯ ಸಾದಾ ಗಿಟಾರ್ ಶಿಕಾರಿಪುರ, ಸೊರಬ, ಆನವಟ್ಟಿಯ ಎಷ್ಟು ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿಲ್ಲ! ಅದನ್ನು ಇಳಿಸಿ, ಒರೆಸಿ. ತೀರಾ ದಪ್ಪ ತಂತಿಯನ್ನು ಇ ಯಿಂದ ಡಿ ಗೆ ಇಳಿಸಿ. ತೀರಾ ಸಣ್ಣದನ್ನೂ ಇ ಯಿಂದ ಡಿ ಗೆ ಇಳಿಸಿ. ಅದರ ಪಕ್ಕದ ಬಿ ಯನ್ನು ಎ ಗೆ ಇಳಿಸಿ. ಮೂರೂ ಇಳಿಕೆಯೇ, ತಂತಿ ಹರಿಯುವ ಭಯವಿಲ್ಲ, ಖರ್ಚೂ ಇಲ್ಲ. ಸ ಪ ಸ ಮ ಪ ಸ ಸಿದ್ಧ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ದಪ್ಪ ತಂತಿಯಿಂದ ಮೊದಲ ನಾಲ್ಕನ್ನು ಒಂದೊಂದಾಗಿ ಮೀಟಿ. ಮನೆಯಲ್ಲಿ ಸಂಗೀತ ಕಲಿತ ಹಿರಿಯರಿದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ, ಇವತ್ತೇ.